ಖಾಲಿ ಮಣಿಗೆ ಅಂಟಿದ ಎಳೆ

ಅವಳಿಗೆ ಡಾಕ್ಟರೇಟ್ ಇರಲಿಲ್ಲ. ಡಿಪ್ಲೊಮಾ ಇತ್ತು, ಪ್ರಯೋಗಾಲಯದಲ್ಲಿ ಹದಿನಾಲ್ಕು ವರ್ಷ ದುಡಿದ ಅನುಭವ ಇತ್ತು, ಸಾಸಿವೆಗಿಂತ ಸಣ್ಣ ಹನಿಯನ್ನೂ ಚೆಲ್ಲದ ಕೈ ಇತ್ತು. ವರದಿಗಳಲ್ಲಿ ಮಾತ್ರ ಅವಳ ಹೆಸರು ಕೊನೆಯ ಪುಟದ ಕೃತಜ್ಞತೆಯಲ್ಲಿ ಬರುತ್ತಿತ್ತು.

ಅಲ್ಲಿ ನಡೆಯುತ್ತಿದ್ದದ್ದು ಆಪ್ಟಮರ್ ಕೆಲಸ. ಡಿಎನ್‌ಎಯ ಗಿಡ್ಡ ಎಳೆಗಳನ್ನು ಕೋಟ್ಯಂತರ ಬಗೆಯಲ್ಲಿ ಬೆರೆಸಿ, ಒಂದು ಪ್ರೋಟೀನನ್ನು ಮಾತ್ರ ಗಟ್ಟಿಯಾಗಿ ಹಿಡಿಯುವ ಎಳೆಯನ್ನು ಸೋಸಿ ತೆಗೆಯಬೇಕು. ಈ ಸಲದ ಪ್ರೋಟೀನು ಹೃದಯ ಸೋಲತೊಡಗಿದಾಗ ರಕ್ತದಲ್ಲಿ ಹೆಚ್ಚುವಂಥದ್ದು. ಮಾಮೂಲಿ ಡಿಎನ್‌ಎ ಅದರ ಮೇಲೆ ಜಾರುತ್ತಿತ್ತು. ಅದಕ್ಕೇ ಎಳೆಯ ನಾಲ್ಕು ಅಕ್ಷರಗಳಲ್ಲಿ ಒಂದಕ್ಕೆ ಎಣ್ಣೆ ಗುಣದ ಪುಟ್ಟ ಬಾಲ ಜೋಡಿಸಿದ್ದರು. ಪ್ರೋಟೀನನ್ನು ಸಣ್ಣ ಪ್ಲಾಸ್ಟಿಕ್ ಮಣಿಗಳಿಗೆ ಹಚ್ಚುವುದು, ಎಳೆಗಳನ್ನು ಸುರಿಯುವುದು, ಹಿಡಿಯದವನ್ನು ತೊಳೆದು ಚೆಲ್ಲುವುದು, ಹಿಡಿದವನ್ನು ಬಿಡಿಸಿ ನಕಲು ಮಾಡಿ ಮತ್ತೆ ಸುರಿಯುವುದು. ಇದು ಒಂದು ಸುತ್ತು. ಏಳು ತಿಂಗಳಲ್ಲಿ ಹನ್ನೊಂದು ಸುತ್ತು ಮುಗಿದಾಗ ಇಪ್ಪತ್ತನಾಲ್ಕು ಎಳೆ ಗೆದ್ದಿದ್ದವು.

ಅವಳ ಅತ್ತೆ ಬೀದಿಗೆಲ್ಲ ಸುದ್ದಿ ಹಂಚಿ ಬಂದಿದ್ದರು. "ನಮ್ಮ ಸೊಸೆ ಹೃದಯದ ಕಾಯಿಲೆಗೆ ಅಂಟು ಕಂಡುಹಿಡಿದಿದಾಳೆ ಕಣ್ರೀ."

"ಅಂಟಲ್ಲ ಅತ್ತೆ."

"ಅಂಟ್ಕೊಳ್ಳುತ್ತೆ ಅಂತ ನೀನೇ ಹೇಳಿದ್ದು. ಅಂಟ್ಕೊಳ್ಳೋದು ಅಂಟಲ್ದೆ ಮತ್ತೇನು?"

ಗೆದ್ದ ಎಳೆಗಳನ್ನು ರೋಗಿಗಳ ರಕ್ತಪರೀಕ್ಷೆಗೆ ಒಯ್ಯಲು ಗುರುವಾರ ಆಸ್ಪತ್ರೆಯವರು ಬರುವವರಿದ್ದರು. ಮಂಗಳವಾರ ಬೆಳಿಗ್ಗೆ ಅವಳು ಕೊನೆಯ ಪರೀಕ್ಷೆಗೆ ಇಪ್ಪತ್ತನಾಲ್ಕನ್ನೂ ಬೆರೆಸಿ ಎಂಟು ಟ್ಯೂಬು ಜೋಡಿಸಿದಳು. ಫಲಿತಾಂಶ ಬಂದ ಮೇಲೆ ಮಣಿ ಬಾಟಲಿಗಳ ಚೀಟಿ ನೋಡುವಾಗ ಗೊತ್ತಾಯಿತು, ಐದನೆಯದಕ್ಕೆ ಪ್ರೋಟೀನು ಹಚ್ಚದ ಖಾಲಿ ಮಣಿ ಹಾಕಿಬಿಟ್ಟಿದ್ದಳು. ಅದರಲ್ಲಿ ಹಿಡಿತ ಸೊನ್ನೆ ಇರಬೇಕಿತ್ತು. ನೂರಕ್ಕೆ ತೊಂಬತ್ತೊಂದು ಇತ್ತು.

ಟ್ಯೂಬನ್ನು ಕಸಕ್ಕೆ ಹಾಕಿ ಸುಮ್ಮನಿರಬಹುದಿತ್ತು. ಅವಳು ಬೇಕೆಂದೇ ಇನ್ನೂ ಮೂರು ಸಲ ಖಾಲಿ ಮಣಿ ಹಾಕಿ ನೋಡಿದಳು. ಮೂರು ಸಲವೂ ಅಷ್ಟೇ. ಬಾಲದ ಎಳೆಗಳು ಪ್ರೋಟೀನನ್ನಲ್ಲ, ಪ್ಲಾಸ್ಟಿಕ್ಕನ್ನು ಹಿಡಿದು ಕೂತಿದ್ದವು. ಹಿಂದೆ, ಬಾಲವಿಲ್ಲದ ಎಳೆಗಳ ಕಾಲದಲ್ಲಿ, ಮಣಿಗೇ ಅಂಟುವವನ್ನು ತೆಗೆಯಲು ಮೊದಲ ಸುತ್ತಿನಲ್ಲಿ ಒಮ್ಮೆ ಖಾಲಿ ಮಣಿಯ ಮೇಲೆ ಹರಿಸಿದರೆ ಸಾಕಾಗುತ್ತಿತ್ತು. ಅದೇ ಅಭ್ಯಾಸ ಮುಂದುವರಿದಿತ್ತು. ಎಣ್ಣೆಬಾಲ ಬಂದ ಮೇಲೆ ಅಭ್ಯಾಸ ಬದಲಾಗಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವಳಿಗೂ ಹೊಳೆದಿರಲಿಲ್ಲ.

ಅವಳು ಪ್ರಯೋಗಾಲಯದ ಮುಖ್ಯಸ್ಥರ ಕೋಣೆಗೆ ಹೋದಳು.

"ಸರ್, ನಮ್ಮ ಎಳೆ ಮಣಿಗೆ ಅಂಟ್ತಿದೆ."

"ಟ್ಯೂಬು ಅದಲುಬದಲು ಮಾಡಿರ್ತೀಯ."

"ಮೊದಲ್ನೇ ಸಲ ಹೌದು. ಆಮೇಲೆ ಮೂರು ಸಲ ಬೇಕು ಅಂತ್ಲೇ ಮಾಡಿದೆ."

"ನಾಡಿದ್ದು ಜನ ಬರ್ತಿದಾರೆ ಕಣಮ್ಮ! ಪಿಎಚ್‌ಡಿ ಮಾಡಿರೋ ಮೂರು ಜನ ಇದನ್ನ ನೋಡಿದಾರೆ."

"ನೋಡಿದಾರೆ. ಖಾಲಿ ಮಣಿ ಹಾಕಿ ನೋಡಿಲ್ಲ. ನೀವೇ ಹಾಕಿ ಸರ್, ನಾನು ಕೈ ಕಟ್ಕೊಂಡು ನಿಂತಿರ್ತೀನಿ."

ಅವರು ಹನಿ ಅಳೆಯುವ ಪಿಪೆಟ್ ಮುಟ್ಟದೆ ಎಂಟು ವರ್ಷವಾಗಿತ್ತು. ಮೊದಲ ಕೈಗವಸು ಹರಿಯಿತು. ಎರಡನೆಯದನ್ನು ಉಲ್ಟಾ ಹಾಕಿಕೊಂಡರು. ಅವಳು ನಿಜವಾಗಿಯೂ ಕೈ ಕಟ್ಟಿ ನಿಂತಿದ್ದಳು. ಎಂಬತ್ತೊಂಬತ್ತು ಬಂತು.

"ಮರ್ಯಾದೆ ಹೋಯ್ತಲ್ಲಮ್ಮ," ಎಂದರು.

"ಆಸ್ಪತ್ರೇಲಿ ಹೋಗೋದಕ್ಕಿಂತ ಇಲ್ಲೇ ಹೋಗ್ಲಿ ಬಿಡಿ ಸರ್."

ಅವರು ಕೈಗವಸು ಕಳಚಿ ಆಸ್ಪತ್ರೆಗೆ ತಾವೇ ಫೋನ್ ಮಾಡಿದರು. ಫೋನಿಟ್ಟು ಕೇಳಿದರು, "ಮತ್ತೆ ಒಂದರಿಂದಾನಾ?"

"ಬೇಡ. ಪ್ರತಿ ಸುತ್ತಿಂದೂ ಚೂರು ಎತ್ತಿಟ್ಟಿದೀನಿ, ಫ್ರೀಜರಲ್ಲಿದೆ. ಮೂರನೇದ್ರಿಂದ ಹಿಡಿಯೋಣ. ಅದರಲ್ಲಿ ಇನ್ನೂ ಎಲ್ಲಾ ಥರದವೂ ಇವೆ."

ಈ ಸಲ ಪ್ರತಿ ಸುತ್ತಿಗೂ ಮೊದಲು ಎಳೆಗಳನ್ನು ಖಾಲಿ ಮಣಿಯ ಮೇಲೆ ಹರಿಸಿ, ಅಂಟದೆ ಉಳಿದವನ್ನಷ್ಟೇ ತೆಗೆದುಕೊಂಡಳು. ಆಮೇಲೆ ಆ ಪ್ರೋಟೀನಿನ ದಾಯಾದಿಯಂತಿದ್ದ ಇನ್ನೊಂದರ ಮೇಲೆ ಹರಿಸಿದಳು. ಅಲ್ಲೂ ಅಂಟದವು ಮಾತ್ರ ಮುಂದಕ್ಕೆ. ಎಣ್ಣೆಬಾಲದ ಎಳೆ ನಕಲಾಗುವುದೇ ನಿಧಾನ, ತಿಂಗಳುಗಳು ಹಾಗೇ ಹೋದವು.

"ಕಂಡಕಂಡೋರಿಗೆಲ್ಲ ಅಂಟ್ಕೋಬಾರ್ದಾ?" ಅತ್ತೆ ಕೇಳಿದರು. "ಹಾಗಾದ್ರೆ ನಿನ್ನ ಗಂಡನಿಗಿಂತ ವಾಸಿ. ಅವನು ಹಾಲು ತರೋಕೆ ಹೋದ್ರೆ ಬೀದಿಗೆಲ್ಲ ಅಂಟ್ಕೊಂಡು ಬರ್ತಾನೆ."

ಏಳನೆಯ ಹೊಸ ಸುತ್ತಿನಲ್ಲಿ ಒಂದೇ ಒಂದು ಎಳೆ ನಿಂತಿತು. ನಲವತ್ತು ಅಕ್ಷರ, ಅದರಲ್ಲಿ ಹನ್ನೊಂದು ಬಾಲ. ಖಾಲಿ ಮಣಿಯ ಮೇಲೆ ಹಿಡಿತ ಒಂದು, ದಾಯಾದಿಯ ಮೇಲೆ ಎರಡು, ತನ್ನ ಪ್ರೋಟೀನಿನ ಮೇಲೆ ಎಂಬತ್ತೆಂಟು. ರೋಗಿಯ ರಕ್ತದಲ್ಲೂ ಹಾಗೇ.

ಆಸ್ಪತ್ರೆಯವರು ಬಂದಾಗ ಮುಖ್ಯಸ್ಥರು ಬೋರ್ಡಿನ ಪೆನ್ನನ್ನು ಅವಳ ಕೈಗೆ ಕೊಟ್ಟು ಕೂತುಬಿಟ್ಟರು. ಅವಳು ತಪ್ಪಿನಿಂದಲೇ ಶುರು ಮಾಡಿದಳು.

"ಅದನ್ನೆಲ್ಲ ಹೇಳೋ ಅಗತ್ಯ ಇತ್ತಾ?" ಬಂದಿದ್ದ ಹೃದಯತಜ್ಞೆ ಕೇಳಿದರು.

"ಇದನ್ನ ನಂಬಿ ರೋಗಿಗೆ ಹೇಳೋರು ನೀವು. ನಿಮಗೆ ಗೊತ್ತಿರ್ಲಿ."

ಹೃದಯತಜ್ಞೆ ಎದ್ದು ಬಂದು ಕೈ ಕುಲುಕಿದರು. ಅವಳಿಗೆ ಹೆಮ್ಮೆಯಾಯಿತು. ಮುಚ್ಚಿಡಲು ಹೋಗಲಿಲ್ಲ.

ಸಂಜೆ ಅವಳು ಕೆಲಸದ ಪುಸ್ತಕ ತೆರೆದು, ಹೊಸ ಎಳೆಯ ನಲವತ್ತು ಅಕ್ಷರ ಬರೆದು ಸಹಿ ಹಾಕಿದಳು. ಅದರ ಕೆಳಗೆ ಬರೆದಳು: ಮೊದಲ ಸಲ ದಂಡವಾಗಿ ಹೋದದ್ದು ನಾಲ್ಕರಿಂದ ಹನ್ನೊಂದರವರೆಗಿನ ಎಂಟು ಸುತ್ತು, ಐದು ತಿಂಗಳು, ಇಪ್ಪತ್ತನಾಲ್ಕು ಎಳೆ.