ನಂಬರು ಕೇಳಿದ ಬನಶಂಕರಮ್ಮ

ಹಿಂದೂಪುರದ ಬನಶಂಕರಮ್ಮ ಯಾವ ವಸ್ತುವನ್ನೂ ಮುಂದಿನಿಂದ ನೋಡಿದವರಲ್ಲ. ಸೀರೆ ಕೊಟ್ಟರೆ ಸೆರಗು ಮಗುಚಿ ಒಳಮೈ ನೋಡುವರು, ಲಗ್ನಪತ್ರಿಕೆ ಕೊಟ್ಟರೆ ತಿರುಗಿಸಿ ಅಚ್ಚುಹಾಕಿದ ಪ್ರೆಸ್ಸಿನ ಹೆಸರು ಓದುವರು. “ಅದ್ ಸರಿ ಕಣಪ್ಪ, ಹಿಂದ್ಗಡೆ ಏನೈತೆ?” ಎಂಬುದೇ ಅವರ ನಿತ್ಯಮಂತ್ರ. ಮೂವತ್ತು ವರ್ಷ ಮಗ್ಗ ತುಳಿದ ಬಲಗಾಲು ನಡೆವಾಗಲೂ ನೆಲವನ್ನು ಒತ್ತಿಯೇ ಮೇಲೇಳುತ್ತದೆ. ಸಿಟ್ಟು ಬಂದ ದಿನ ಆ ಹೆಜ್ಜೆಯ ಸಪ್ಪಳ ಬೀದಿಗೇ ಕೇಳಿಸುತ್ತದೆ.

ಆ ಸಿಟ್ಟನ್ನು ಬರಿಸಿದವರು ಗಂಡ ನರಸಿಂಹಪ್ಪ. ಮಗ್ಗಗಳನ್ನು ಮಾರಿ ಬಂದ ನಾಲ್ಕು ಲಕ್ಷವನ್ನು, ಕೈಕಾಲು ಸೋತ ಮೇಲೆ ಇಬ್ಬರ ಅನ್ನಕ್ಕೆಂದು ಇದ್ದ ಏಕಮಾತ್ರ ಗಂಟನ್ನು, ಕಲ್ಯಾಣದುರ್ಗದ ಸಿದ್ದಲಿಂಗೇಶನ ಕೈಗೆ ನಗದಾಗಿ ಇಟ್ಟು ಬಂದಿದ್ದರು. ಷೇರುಪೇಟೆಯಲ್ಲಿ ಹಾಕಿ ತಿಂಗಳಿಗೆ ಐದು ಪರ್ಸೆಂಟ್ ಗ್ಯಾರಂಟಿ ಎಂದಿದ್ದನಂತೆ. ರಸೀದಿ ಇಲ್ಲ. ಮೂರು ತಲೆಮಾರಿನಿಂದ ಇವರಿಗೆ ನೂಲು ಕೊಟ್ಟ ಮನೆ ಸಿದ್ದಲಿಂಗೇಶನದು. ನೂಲಿನ ಅಂಗಡಿಯಲ್ಲಿ ಚೀಟಿ ಕೇಳಿದರೆ ಸಾಹುಕಾರನ ಮುಖಕ್ಕೆ ಉಗಿದಂತೆ ಎಂಬುದು ನೇಕಾರರ ಕೇರಿ ಸಾಕಿಕೊಂಡು ಬಂದ ಮರ್ಯಾದೆ. ಎಂಥ ಹಾಳು ಮರ್ಯಾದೆ!

“ನಿಂಗೆ ಷೇರು ಗೀರು ಅರ್ಥ ಆಗಾಕಿಲ್ಲ, ಸುಮ್ಕಿರು,” ಎಂದರು ನರಸಿಂಹಪ್ಪ. ಅಷ್ಟೇ ಸಾಕಾಯಿತು. ಐವತ್ತೆಂಟರ ಆ ಹೆಂಗಸು ಬ್ಯಾಂಕಿನವರು ನಡೆಸಿದ ಹೂಡಿಕೆಯ ತರಬೇತಿಗೆ ಹೋಗಿ ಮುಂದಿನ ಬೆಂಚು ಹಿಡಿದು ಕೂತರು. ಷೇರೆಂದರೆ ಕಂಪನಿಯೊಂದರಲ್ಲಿ ಸಣ್ಣ ಪಾಲು. ಅದು ನಮ್ಮದೇ ಹೆಸರಿನ ಖಾತೆಯಲ್ಲಿರಬೇಕು. ಪೇಟೆಯನ್ನು ಕಾಯಲು ಸೆಬಿ ಎಂಬ ಸಂಸ್ಥೆಯಿದೆ. ದುಡ್ಡು ತೆಗೆದುಕೊಂಡು ಸಲಹೆ ಕೊಡುವವನು ಅಲ್ಲಿ ನೋಂದಾಯಿಸಿರಬೇಕು. ಲಾಭಕ್ಕೆ ಗ್ಯಾರಂಟಿ ಕೊಡುವ ಹಾಗೇ ಇಲ್ಲ. ಇಷ್ಟು ತಿಳಿಯಲು ಅವರಿಗೆ ಎರಡು ಮಧ್ಯಾಹ್ನ ಸಾಕಾದವು. ಇಷ್ಟನ್ನು ಇಷ್ಟು ದಿನ ಯಾರೂ ಹೇಳಲಿಲ್ಲವಲ್ಲ!

ಮರುದಿನವೇ ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೋದರು. ಅಲ್ಲಿ ಸಿದ್ದಲಿಂಗೇಶ ನಡೆಸುವ ಷೇರು ಕ್ಲಾಸಿನಲ್ಲಿ, ಅವನ ಕೈಗೆ ದುಡ್ಡು ಕೊಡಲು ಬಂದ ಅರವತ್ತು ಜನ ಕೂತಿದ್ದರು.

“ನಿನ್ ಸೆಬಿ ನಂಬರ್ ಎಷ್ಟಪ್ಪ?” ಎಂದು ಬಾಗಿಲಲ್ಲೇ ನಿಂತು ಕೇಳಿದರು.

“ನಮ್ಮಕಂ ಲೇದಾ ಅಮ್ಮಾ?” ಎಂದು ತೆಲುಗಿನಲ್ಲಿ ನಕ್ಕು, ಅವನು ಗೋಡೆಗೆ ತೂಗುಹಾಕಿದ್ದ ಸೆಬಿಯ ನೋಂದಣಿ ಪತ್ರವನ್ನು ತೋರಿಸಿದ.

“ನಂಬ್ಕೆ ಇದ್ದಿದ್ಕೇ ಕಣಪ್ಪ, ಚೀಟಿ ಇಲ್ದಂಗೆ ಕೊಟ್ಬುಟ್ಟಿದ್ದು.”

ಬನಶಂಕರಮ್ಮ ಮೊಬೈಲು ತೆಗೆದು ಪತ್ರದ ನಂಬರಿನ ಅಂಕಿಗಳನ್ನು ಸೆಬಿಯ ವೆಬ್‌ಸೈಟಿನಲ್ಲಿ ಒಂದೊಂದಾಗಿ ಒತ್ತಿದರು. ಬಂದದ್ದು ಬೇರೆ ಯಾವುದೋ ಊರಿನ, ಬೇರೆ ಯಾರದೋ ಹೆಸರು. ಅದನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು. ಅರ್ಧ ಜನ ಅವರ ಮೇಲೆಯೇ ಹರಿಹಾಯ್ದರು: “ದೊಡ್ಡ ಮನೆತನ್ದೋರ ಮಾನ ಕಳೀತೀಯೇನಮ್ಮ?” ಉಳಿದರ್ಧ ಜನ ಮೆಲ್ಲನೆ ಎದ್ದು ಚಪ್ಪಲಿ ಹುಡುಕಿಕೊಂಡರು.

ದೂರು ಕೊಟ್ಟಾಗಿದೆ, ಹೋದಲ್ಲೆಲ್ಲ ಹಣ ಕೊಟ್ಟದ್ದಕ್ಕೆ ಪುರಾವೆ ಕೇಳುತ್ತಾರೆ. ನಾಲ್ಕು ಲಕ್ಷ ಬಂದಿಲ್ಲ. ಸಿದ್ದಲಿಂಗೇಶ ಇಂದಿಗೂ ಮದುವೆಮನೆಗಳಲ್ಲಿ ಮೊದಲ ಪಂಕ್ತಿಗೆ ಕೂರುತ್ತಾನೆ. ಬನಶಂಕರಮ್ಮನನ್ನು ಬಳಗದವರು ಬಾಯಿಜೋರಿನ ಹೆಂಗಸೆಂದು ಮದುವೆಗೆ ಕರೆಯುವುದನ್ನೇ ಬಿಟ್ಟಿದ್ದಾರೆ.

ಲೋಕದಲ್ಲಿ ಪ್ರಶ್ನೆ ಕೇಳುವವರ ಜಾತಕವೇ ಹೀಗಿರಬೇಕು. ಅವರು ಬಾಯಿ ತೆರೆಯುವ ಹೊತ್ತಿಗೆ ಅವರ ಗಂಟು ಹೋಗಿಯೇ ಇರುತ್ತದೆ. ಆ ಒಂದು ಪ್ರಶ್ನೆಯಿಂದ ತಂತಮ್ಮ ಗಂಟು ಉಳಿಸಿಕೊಂಡು ಮನೆ ಸೇರಿದವರು, ಕೇಳಿದವರೇ ಮುಂದೆ ಎಲ್ಲಾದರೂ ಎದುರಾದರೆ, ಒಂದು ಲೋಟ ನೀರು ಬೇಕೇ ಎಂದು ಕೇಳುವುದಕ್ಕೂ ಯಾರಾದರೂ ಕಂಡಾರೆಂದು ಅತ್ತಿತ್ತ ನೋಡುತ್ತಾರೆ.