ಖಚಿತ ಹಾಜರಿ

"ಏನೇ ಇದು?" ಎಂದು ಚಿಕ್ಕಮ್ಮ ಗೋಡೆಯಿಂದ ಕಿತ್ತು ತಂದ ಕಾಗದವನ್ನು ಕೀಬೋರ್ಡಿನ ಮೇಲೆಯೇ ಇಟ್ಟಳು. ಮೂಲೆಯ ಅಂಟಿಗೆ ಗೋಡೆಯ ಸುಣ್ಣವೂ ಎದ್ದು ಬಂದಿತ್ತು. "ನಾಲ್ಕನೇ ಲೈನು, ಮೂರು ತಿಂಗಳು, ಒಟ್ಟು ಗಾಯ ಆರು, ಗಂಭೀರ ಗಾಯ ಸೊನ್ನೆ. ನನ್ನ ಪುಸ್ತಕದಲ್ಲಿ ಹನ್ನೊಂದು ಜನ ಇದಾರೆ. ಉಳಿದ ಐದು ಜನ ನನ್ನ ಕನಸಲ್ಲಿ ಬಂದು ಪಟ್ಟಿ ಕಟ್ಟಿಸ್ಕೊಂಡು ಹೋದ್ರಾ?"

ಪ್ರೆಸ್ಸಿನಲ್ಲಿ ತಗಡು ಒತ್ತಿ ಡಬ್ಬಿಗಳ ಮುಚ್ಚಳ ಮಾಡುವ ಆ ಕಾರ್ಖಾನೆಯಲ್ಲಿ ಚಿಕ್ಕಮ್ಮ ಪ್ರಥಮ ಚಿಕಿತ್ಸೆಯ ಕೋಣೆಯ ನರ್ಸು. ಅವಳ ಅಕ್ಕನ ಮಗಳು ಮೇಲಿನ ಮಹಡಿಯಲ್ಲಿ ವರದಿಗಳ ಕೆಲಸ ನೋಡಿಕೊಳ್ಳುತ್ತಿದ್ದಳು. ಎಲ್ಲರ ಬಾಯಲ್ಲೂ ಅವಳು ವರದಿಯಕ್ಕ. ಗಾಯಗಳ ದಾಖಲೆ ಒಂದು ಡೇಟಾಬೇಸಿನಲ್ಲಿ, ಹಾಜರಿ ಇನ್ನೊಂದರಲ್ಲಿ, ಯಂತ್ರಗಳ ವಿವರ ಮತ್ತೊಂದರಲ್ಲಿ ಇದ್ದವು. ಮೂರನ್ನೂ ಜೋಡಿಸಿ, ಪ್ರತಿ ತಿಂಗಳೂ ಯಾರ ಕೈಯೂ ಸೋಕದೆ ಹಿಂದಿನ ಮೂರು ತಿಂಗಳ ವರದಿ ಹೊರಡುವಂತೆ ಮಾಡಿದವಳು ಅವಳೇ. ಅದಾಗಿ ಎಂಟು ತಿಂಗಳು.

"ಕಂಪ್ಯೂಟರಿಗೆ ಹಾಕೋದು ಮರೆತಿರ್ತೀಯ ಚಿಕ್ಕಮ್ಮ."

"ಮರೆತಿದ್ರೆ ಕಪಾಳಕ್ಕೆ ಹಾಕು. ಮೊದಲು ನೋಡು."

ನೋಡಿದಳು. ಹನ್ನೊಂದು ದಾಖಲೆಗಳೂ ಇದ್ದವು, ಗಂಟೆ ನಿಮಿಷ ಸಮೇತ. ಹಾಜರಿಯೊಂದಿಗೆ ಜೋಡಿಸಿದ ಕೂಡಲೇ ಅವು ಆರಾಗುತ್ತಿದ್ದವು. ಬಿಟ್ಟುಹೋದ ಐದನ್ನು ಒಂದೊಂದಾಗಿ ತೆಗೆದು ಓದಿದಳು. ಐದರ ಕೊನೆಯಲ್ಲೂ ಒಂದೇ ಮಾತಿತ್ತು: ಆಂಬುಲೆನ್ಸಿನಲ್ಲಿ ಕಳುಹಿಸಲಾಗಿದೆ.

ಅವಳ ಕಿವಿ ಬಿಸಿಯಾಯಿತು. ಗಾಯಗೊಂಡವರು ಯಾವ ಲೈನಿನವರೆಂದು ತಿಳಿಯಲು ಅವಳು ಖಚಿತ ಹಾಜರಿಯ ಪಟ್ಟಿಯನ್ನು ಬಳಸಿದ್ದಳು. ಗೇಟಿನ ಯಂತ್ರಕ್ಕೆ ಒಳಗೆ ಬರುವಾಗಲೂ ಹೊರಗೆ ಹೋಗುವಾಗಲೂ ಬೆರಳೊತ್ತಿದವರು ಮಾತ್ರ ಆ ಪಟ್ಟಿಗೆ ಸೇರುತ್ತಿದ್ದರು. ಒಂದೂ ಖಾಲಿ ಜಾಗವಿಲ್ಲದ ಪಟ್ಟಿ ಎಂದು ಆಗ ಖುಷಿಪಟ್ಟಿದ್ದಳು. ಪಟ್ಟಿ ಕಟ್ಟಿಸಿಕೊಂಡು ಮತ್ತೆ ಕೆಲಸಕ್ಕೆ ನಿಂತವರು ಸಂಜೆ ಬೆರಳೊತ್ತಿ ಹೋಗಿದ್ದರು, ಲೆಕ್ಕಕ್ಕೆ ಸಿಕ್ಕಿದ್ದರು. ಸ್ಟ್ರೆಚರಿನಲ್ಲಿ ಮಲಗಿ ಹೋದವರು ಸಿಕ್ಕಿರಲಿಲ್ಲ. ಗಾಯ ದೊಡ್ಡದಾದಷ್ಟೂ ವರದಿಯಿಂದ ಬಿದ್ದುಹೋಗುವಂತೆ ಅವಳೇ ಕಟ್ಟಿದ್ದಳು. ಜೋಡಿಸುವ ಮೊದಲು ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಎಣಿಸುವುದು ಎರಡು ನಿಮಿಷದ ಕೆಲಸ. ಅದನ್ನೂ ಮಾಡಿರಲಿಲ್ಲ.

"ಹೊರಗೆ ಹೋಗುವಾಗ ಅವರು ಬೆರಳು ಒತ್ತಿಲ್ಲ, ಅದಕ್ಕೆ," ಎಂದಳು.

ಚಿಕ್ಕಮ್ಮ ಅವಳನ್ನೇ ನೋಡಿದಳು. "ಅದರಲ್ಲಿ ಇಬ್ಬರಿಗೆ ಒತ್ತೋಕೆ ಬೆರಳೇ ಇರಲಿಲ್ಲ ಕಣೇ."

ಒಂದೇ ಲೈನಿನಲ್ಲಿ ಮೂರು ತಿಂಗಳಲ್ಲಿ ಮೂರು ಗಂಭೀರ ಗಾಯಗಳಾದರೆ, ತಪಾಸಣೆ ಮುಗಿಯುವವರೆಗೆ ಆ ಲೈನನ್ನು ನಿಲ್ಲಿಸಬೇಕೆಂದು ಕಾರ್ಖಾನೆಯ ನಿಯಮವೇ ಹೇಳುತ್ತಿತ್ತು. ಗೋಡೆಯ ಮೇಲಿದ್ದುದು ಕರಡು. ಅಂತಿಮ ವರದಿ ಅಂದೇ ಹನ್ನೆರಡು ಗಂಟೆಗೆ ಮಾಲೀಕರಿಗೂ ಕಾರ್ಮಿಕರ ಸಮಿತಿಗೂ ತಾನಾಗಿ ಹೋಗಲಿತ್ತು. ಸೊನ್ನೆಯೇ ಹೋದರೆ ಸೋಮವಾರದಿಂದ ನಾಲ್ಕನೇ ಲೈನಿನ ವೇಗ ಹೆಚ್ಚಿಸುವುದೆಂದು ತೀರ್ಮಾನವಾಗಿತ್ತು. ಆಗ ಹತ್ತೂ ಮುಕ್ಕಾಲು.

ಸುರಕ್ಷತಾ ಮ್ಯಾನೇಜರು ಅವಳ ಮಾತನ್ನು ಕೊನೆಯವರೆಗೂ ಕೇಳಿದರು. ಎದುರಿನ ಕುರ್ಚಿ ತೋರಿಸಿದರು. ಅವಳು ಕೂರಲಿಲ್ಲ.

"ತಪ್ಪು ಅಂತ ಯಾಕಮ್ಮ ಅಂತೀಯ? ಹಾಜರಿ ಖಚಿತ ಆಗದವರು ಅವತ್ತು ಕೆಲಸದಲ್ಲಿ ಇರಲಿಲ್ಲ ಅಂತಲೇ ಅರ್ಥ. ಕೆಲಸದಲ್ಲಿ ಇಲ್ಲದವರಿಗೆ ಕೆಲಸದಲ್ಲಿ ಗಾಯ ಹೇಗಾಗುತ್ತೆ?"

"ಹಾಗಾದ್ರೆ ಅವರು ನೆಂಟರ ಮನೆಗೆ ಬಂದ ಹಾಗೆ ಬಂದು ಪ್ರೆಸ್ಸಿಗೆ ಕೈ ಕೊಟ್ಟು ಹೋದ್ರಾ ಸರ್?"

ಅವರು ನಕ್ಕರು. "ಕೋಪ ಬೇಡ. ಮುಂದಿನ ತಿಂಗಳಿಂದ ಸರಿ ಮಾಡು. ಇದು ನನಗೆ ಹೊಸ ವಿಷಯ ಏನಲ್ಲ. ಎರಡನೇ ತಿಂಗಳಲ್ಲೇ ಗೊತ್ತಾಗಿತ್ತು. ವರದಿ ಕೆಳಗೆ ಇರೋದು ನಿನ್ನ ಹೆಸರು. ಪಾಪ, ಕೆಲಸಕ್ಕೆ ಕುತ್ತು ಬರೋದು ಬೇಡ ಅಂತ ಸುಮ್ಮನಿದ್ದೆ."

ಅವಳು ಲೆಕ್ಕ ಹಾಕಿದಳು. ಎರಡನೇ ತಿಂಗಳಿಂದ ಇಂದಿನವರೆಗೆ ಆರು ತಿಂಗಳು. ಐವರೂ ಗಾಯಗೊಂಡಿದ್ದು ಆಮೇಲೆ. ಇಷ್ಟು ಹೊತ್ತು ತನ್ನ ಮೇಲಿದ್ದ ಸಿಟ್ಟು ಈಗ ಬೇರೆ ಕಡೆಗೂ ಹರಿಯಿತು, ಆದರೆ ತನ್ನ ಪಾಲಿನದು ಕಡಿಮೆಯಾಗಲಿಲ್ಲ.

"ನನಗೋಸ್ಕರ ಸುಮ್ಮನಿದ್ರಿ," ಎಂದಳು.

"ಮತ್ತೆ?"

ಅವಳು ಬಾಗಿಲು ಮುಚ್ಚಿಕೊಂಡು ಹೊರಗೆ ಬಂದಳು.

ತಿದ್ದಲು ಮುಕ್ಕಾಲು ಗಂಟೆ ಹಿಡಿಯಿತು. ಒಳಗೆ ಬಂದ ಬೆರಳಚ್ಚು ಒಂದಿದ್ದರೂ ಸಾಕು, ಅದೂ ಇಲ್ಲದಿದ್ದರೆ 'ಹಾಜರಿ ಸಿಕ್ಕಿಲ್ಲ' ಎಂಬ ಗುರುತಿನೊಂದಿಗೆ ಗಾಯ ವರದಿಯಲ್ಲಿ ಉಳಿಯಬೇಕು ಎಂದು ಬದಲಿಸಿದಳು. ಪರೀಕ್ಷೆಗೆಂದು ಇಟ್ಟ ಪ್ರತಿಯ ಮೇಲೆ ನಡೆಸಿ ನೋಡಿದಳು. ಚಿಕ್ಕಮ್ಮ ಪಕ್ಕದಲ್ಲಿ ನಿಂತು ಪುಸ್ತಕದ ಮೇಲೆ ಬೆರಳಿಟ್ಟು ಒಂದೊಂದೇ ತಾಳೆ ನೋಡಿದಳು. ಹನ್ನೊಂದು. ಗಂಭೀರ, ಐದು. ಆಮೇಲೆ ವರದಿಯ ತಲೆಯ ಮೇಲೆ ಹೊಸದೊಂದು ಟಿಪ್ಪಣಿ ಬರೆದಳು: ಕಳೆದ ಎಂಟು ತಿಂಗಳ ಅಂಕಿಗಳಲ್ಲಿ ಆಸ್ಪತ್ರೆಗೆ ಹೋದವರು ಸೇರಿಲ್ಲ, ಜೋಡಣೆಯ ತಪ್ಪು ನನ್ನದು.

ಬದಲಾವಣೆ ಜಾರಿಗೆ ಬರಲು ಇನ್ನೊಬ್ಬರ ಒಪ್ಪಿಗೆ ಬೇಕಿತ್ತು. ಅದನ್ನು ಕೊಡುವವನು ಡೇಟಾಬೇಸುಗಳನ್ನು ಕಾಯುವ ಹಿರಿಯ. ಅವನ ಅನುಮತಿಯಿಲ್ಲದೆ ಯಾರೂ ಏನನ್ನೂ ತೆರೆಯುವಂತಿರಲಿಲ್ಲವಾದ್ದರಿಂದ ಎಲ್ಲರೂ ಬೀಗದಣ್ಣ ಎನ್ನುತ್ತಿದ್ದರು. ಅವನು ಕನ್ನಡಕ ಏರಿಸಿ ಪರದೆ ಓದಿದ.

"ಸಾಹೇಬರು ಒಪ್ಪಿದ್ರಾ?"

"ಇಲ್ಲ ಅಣ್ಣ."

"ಹೂಂ." ಇನ್ನೊಮ್ಮೆ ಮೊದಲಿನಿಂದ ಓದಿದ. "ವರದಿಯ ರೂಪ ಬದಲಾಯಿಸಿದ್ರೆ ಅವರ ಸಹಿ ಬೇಕು. ತಪ್ಪು ತಿದ್ದೋಕೆ ಇನ್ನೊಬ್ಬರ ಕಣ್ಣು ಸಾಕು ಅಂತ ನಾನೇ ಬರೆದ ನಿಯಮ. ಆದ್ರೆ ಈ ಟಿಪ್ಪಣಿ ತೆಗೆದುಬಿಡು. ನಿನ್ನ ಕತ್ತು ನೀನೇ ಯಾಕೆ ಕೊಡ್ತೀಯ?"

"ಅದಿಲ್ದಿದ್ರೆ ಹಳೇ ವರದಿ ಯಾರೂ ತೆಗೆದು ನೋಡಲ್ಲ. ಬೇರೆ ಲೈನಲ್ಲಿ ಎಷ್ಟು ಜನ ಬಿಟ್ಟುಹೋಗಿದಾರೋ."

ಬಾಗಿಲಲ್ಲಿದ್ದ ಚಿಕ್ಕಮ್ಮ ಬಾಯಿ ಹಾಕಿದಳು: "ಅವಳಮ್ಮನೂ ಹೀಗೇ. ಹಟ ಹಿಡಿದ್ರೆ ಅನ್ನ ನೀರು ಬಿಡ್ತಿದ್ಲು."

"ನೀವೇನು ಕಡಿಮೆಯಾ? ಗೋಡೆ ಕಿತ್ಕೊಂಡು ಬಂದಿದೀರಿ ಅಂತ ಕೇಳ್ದೆ," ಎನ್ನುತ್ತ ಬೀಗದಣ್ಣ ಒಪ್ಪಿಗೆಯ ಗುಂಡಿ ಒತ್ತಿದ. ಹನ್ನೊಂದು ಐವತ್ತೆರಡು.

ಹನ್ನೆರಡಕ್ಕೆ ವರದಿ ಹೊರಟಿತು. ಹನ್ನೆರಡು ದಾಟಿ ಮೂರು ನಿಮಿಷಕ್ಕೆ ಅವಳ ಮೇಜಿನ ಫೋನು ರಿಂಗಾಗತೊಡಗಿತು. ಪರದೆಯ ಮೇಲೆ ಮ್ಯಾನೇಜರರ ಸಂಖ್ಯೆ. ನಿಂತಿತು, ಮತ್ತೆ ರಿಂಗಾಯಿತು. ಅವಳು ಎದ್ದು ಕಾರಿಡಾರಿನ ಕಿಟಕಿಗೆ ಬಂದಳು. ಅಲ್ಲಿಂದ ಕೆಳಗಿನ ಯಂತ್ರಗಳೆಲ್ಲ ಕಾಣುತ್ತಿದ್ದವು.

ಕಾರ್ಮಿಕರ ಸಮಿತಿಯ ಹೆಂಗಸು ಕೈಯಲ್ಲಿ ಕಾಗದ ಹಿಡಿದು ಪ್ಯಾಕಿಂಗ್ ಕಡೆಯಿಂದ ನೇರವಾಗಿ ಬರುತ್ತಿದ್ದಳು. ನಾಲ್ಕನೇ ಲೈನಿನ ತುದಿಯ ಕಂಬದಲ್ಲಿದ್ದ ಕೆಂಪು ಗುಂಡಿಯನ್ನು ಅಂಗೈಯಿಂದ ಒತ್ತಿದಳು.

ತಗಡು ಸಾಗಿಸುವ ಬೆಲ್ಟು ಇನ್ನೆರಡು ಮಾರು ಸರಿದು ನಿಂತಿತು. ಪ್ರೆಸ್ಸಿನ ಮುಂದಿದ್ದವನು ಮುಂದಿನ ತಗಡಿಗೆ ಕೈ ಚಾಚಿದ್ದಂತೆಯೇ ಉಳಿದು, ಮೇಲೆ ನಿಂತ ಅಚ್ಚನ್ನು ನೋಡಿದ. ಆಮೇಲೆ ಎರಡೂ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು, ನಿಧಾನವಾಗಿ, ಒಂದೊಂದೇ ಬೆರಳು ಎಳೆದು ಗವಸು ಕಳಚತೊಡಗಿದ.