ಭಾನುವಾರದ ಕರೆಂಟು

ನೂರಿಸ್‌ಳ ಐಸ್ ಅಂಗಡಿಗೂ ನನ್ನ ಕ್ಷೌರದಂಗಡಿಗೂ ನಡುವೆ ಒಂದೇ ಗೋಡೆ. ಆಕೆ ಸಪೋಟ, ಹುಣಸೆ, ಮಾವಿನ ತಿರುಳನ್ನು ಗಟ್ಟಿ ಮಾಡಿ ಮಾರುತ್ತಿದ್ದಳು. ನಾನು ಬರಾಂಕಿಯಾ ಬಂದರಿನ ಅರ್ಧ ಜನರ ತಲೆ ನೋಡಿಕೊಳ್ಳುತ್ತಿದ್ದೆ. ಹದಿನೆಂಟು ವರ್ಷ ಆ ಗೋಡೆಯ ಬಗ್ಗೆ ನಮ್ಮಿಬ್ಬರಲ್ಲಿ ಮಾತೇ ಬಂದಿರಲಿಲ್ಲ. ಬಂದದ್ದು, ಕರೆಂಟು ಕಂಪನಿಯವರು ಬೀದಿಯ ಹಳೆಯ ಮೀಟರುಗಳನ್ನೆಲ್ಲ ಕಿತ್ತು ಸ್ಮಾರ್ಟ್ ಮೀಟರು ಕೂರಿಸಿದ ಮೇಲೆ.

"ಇದು ಮೀಟರಲ್ಲ ಎಲಿಹಿಯೊ, ಗೂಢಚಾರ," ಎಂದಳು ನೂರಿಸ್. "ಯಾವ ಹೊತ್ತಲ್ಲಿ ಏನು ಹಾಕ್ತೀನಿ, ಯಾವಾಗ ಆರಿಸ್ತೀನಿ, ಎಲ್ಲಾ ಗೊತ್ತಂತೆ. ನನ್ನ ಗಂಡನಿಗೇ ನನ್ನ ವಿಷಯ ಇಷ್ಟು ಗೊತ್ತಿರಲಿಲ್ಲ."

ಮೀಟರು ಕೂರಿಸಲು ಬಂದಿದ್ದಾಕೆ ನಕ್ಕಳು. ಗಂಟೆಗಂಟೆಗೆ ಎಷ್ಟು ಕರೆಂಟು ಖರ್ಚಾಯಿತೆಂದು ಫೋನಿನಲ್ಲೇ ನೋಡುವುದನ್ನು ಹೇಳಿಕೊಟ್ಟಳು. "ಎಲ್ಲಿ ಪೋಲಾಗ್ತಿದೆ ಅಂತ ನೀವೇ ಹಿಡೀಬಹುದು ಅಮ್ಮ," ಎಂದು ಹೇಳಿ ಹೋದಳು.

ನೂರಿಸ್ ಹಿಡಿಯಲು ಹೊರಟೇಬಿಟ್ಟಳು. ಮೂರನೆಯ ವಾರ ನನ್ನ ಗಿರಾಕಿಯ ಗಲ್ಲಕ್ಕೆ ಇನ್ನೂ ನೊರೆ ಹತ್ತಿರುವಾಗಲೇ ಒಳಗೆ ಬಂದು ಫೋನನ್ನು ನನ್ನ ಮೂಗಿಗೆ ಹಿಡಿದಳು. ಗಂಟೆಗೊಂದರಂತೆ ಖರ್ಚು ತೋರಿಸುವ ಸಾಲು ಸಾಲು ಕಂಬಗಳ ಚಿತ್ರ.

"ಇದು ಭಾನುವಾರ. ಅಂಗಡಿ ಬಾಗಿಲು ಹಾಕಿರುತ್ತೆ. ಒಂದು ಫ್ರೀಜರಿನ ಮುಚ್ಚಳ ತೆಗೆಯೋರಿಲ್ಲ. ಮಧ್ಯಾಹ್ನ ಎರಡರಿಂದ ಐದರವರೆಗೆ ಕಂಬ ನೋಡು, ಹೇಗೆ ಎದ್ದು ನಿಂತಿದೆ! ಮೂರು ಭಾನುವಾರವೂ ಹೀಗೇ."

"ಅದಕ್ಕೆ ನನ್ನ ಹತ್ರ ಯಾಕೆ ಬಂದೆ?"

ಆಕೆ ನಮ್ಮ ನಡುವಿನ ಗೋಡೆಯನ್ನು ಮೇಲಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದಳು. ಗಿರಾಕಿಯೂ ನೋಡಿದ.

ನನಗೆ ಮೈಯೆಲ್ಲ ಉರಿಯಿತು. ಗೋಡೆಯಾಚೆಯಿಂದ ಕರೆಂಟು ಕದಿಯುವ ಕಳ್ಳ ನಾನಲ್ಲ ಎಂದು ಹೇಳಿದ್ದರೆ ಸಾಕಿತ್ತು. ಆದರೆ ಬಾಯಿಂದ ಬೇರೆಯೇ ಮಾತು ಬಂತು: "ಬೀಗದ ಕೈ ಯಾರ ಹತ್ರ ಇದೆಯೋ ಅವರನ್ನ ಕೇಳು. ಹೋದ ಭಾನುವಾರ ಒಮೈರಾ ಒಳಗೆ ಹೋಗೋದನ್ನ ನಾನೇ ಕಂಡೆ."

ಕಂಡದ್ದು ಸುಳ್ಳಲ್ಲ. ಆದರೆ ಅವಳು ಮರೆತಿದ್ದ ಕನ್ನಡಕ ತೆಗೆದುಕೊಂಡು ಎರಡೇ ನಿಮಿಷಕ್ಕೆ ಹೊರಬಂದದ್ದನ್ನೂ ಕಂಡಿದ್ದೆ. ಅದನ್ನು ನುಂಗಿಕೊಂಡೆ.

ಒಮೈರಾ ನೂರಿಸ್‌ಳ ಅಂಗಡಿಯಲ್ಲಿ ಮೊದಲ ದಿನದಿಂದ ದುಡಿದವಳು. ಮಧ್ಯಾಹ್ನ ಊಟವಾದ ಮೇಲೆ ಪಡುವಣ ಪಕ್ಕದ ತಗಡಿನ ಗೋಡೆಗೆ ಟಾರ್ಪಾಲು ಇಳಿಬಿಟ್ಟು, ಅದರ ನೆರಳಲ್ಲಿ ಕೂತು ಹುಣಸೆ ಬಿಡಿಸುತ್ತಿದ್ದಳು. ಸಂಜೆ ಟಾರ್ಪಾಲನ್ನು ಸುತ್ತಿ ಒಳಗಿಟ್ಟು ಮನೆಗೆ ಹೋಗುತ್ತಿದ್ದಳು. ಹೊರಗೆ ಬಿಟ್ಟರೆ ಬೆಳಗಾಗುವುದರೊಳಗೆ ಮಾಯ.

ಆ ವಾರವೆಲ್ಲ ನೂರಿಸ್ ಅವಳ ಬೆನ್ನ ಹಿಂದೆಯೇ ಸುಳಿದಳು. ಕೈಚೀಲ ನೋಡಿದಳು. ಯಾರ ಜೊತೆ ಫೋನಿನಲ್ಲಿ ಮಾತಾಡುತ್ತಾಳೆಂದು ಕಿವಿಗೊಟ್ಟಳು. ಭಾನುವಾರ ಅಂಗಡಿಯಲ್ಲಿ ಯಾರಿಗೋ ಐಸ್ ಮಾಡಿಕೊಡುತ್ತಾಳೆ ಎಂದು ತಾನೇ ಕಥೆ ಕಟ್ಟಿ ನನಗೆ ಹೇಳಿದಳು. ನಾನು ಹೂಂಗುಟ್ಟಿದೆ. ಶುಕ್ರವಾರ ಗೋಡೆಯಾಚೆಯಿಂದ ಕೂಗಾಟ ಕೇಳಿತು.

"ಎರಡರಿಂದ ಐದು ಏನ್ ಮಾಡ್ತೀಯ ಇಲ್ಲಿ? ಹೇಳೇ!"

"ಭಾನುವಾರ ನಾನು ಮನೇಲಿ ಮಲಗಿರ್ತೀನಿ ಅಕ್ಕ."

"ಫೋನು ಸುಳ್ಳು ಹೇಳಲ್ಲ!"

"ಹಾಗಾದ್ರೆ ನಾನು ಹೇಳ್ತೀನಾ?"

ಆಮೇಲೆ ಬೀಗದ ಕೈ ಕಲ್ಲಿನ ಕಟ್ಟೆಯ ಮೇಲೆ ಬಿದ್ದ ಸದ್ದು. ಒಮೈರಾ ನನ್ನ ಬಾಗಿಲ ಮುಂದೆಯೇ ನೆಟ್ಟಗೆ ನಡೆದುಹೋದಳು. ನಾನು ಕತ್ತರಿಗೆ ಎಣ್ಣೆ ಹಾಕುತ್ತ ತಲೆ ಎತ್ತಲಿಲ್ಲ.

ಮರುವಾರ ನೂರಿಸ್ ಮತ್ತೆ ಬಂದಳು. ಈ ಸಲ ಮುಖ ಬಿಳಿಚಿಕೊಂಡಿತ್ತು. ಈಗ ಭಾನುವಾರವಷ್ಟೇ ಅಲ್ಲ, ದಿನಾ ಮಧ್ಯಾಹ್ನ ಕಂಬ ಏರುತ್ತಿತ್ತು.

"ಅವಳಿಲ್ಲ. ಬೀಗದ ಕೈ ನನ್ನ ಹತ್ರವೇ ಇದೆ. ಇನ್ನುಳಿದೋನು ನೀನೊಬ್ಬನೇ," ಎಂದಳು.

"ಬಾ, ನನ್ನ ಅಂಗಡಿ ಕರೆಂಟೇ ತೆಗೀತೀನಿ," ಎಂದು ನಾನು ಗಿರಾಕಿಯನ್ನು ಅರ್ಧ ತಲೆಯಲ್ಲೇ ಕೂರಿಸಿ ಮುಖ್ಯ ಸ್ವಿಚ್ಚು ಎಳೆದೆ. ಇಬ್ಬರೂ ಆಕೆಯ ಮೀಟರಿನ ಎದುರು ನಿಂತೆವು. ಅಂಕಿ ಓಡುತ್ತಲೇ ಇತ್ತು. ನೂರಿಸ್ ಒಳಗೆ ಹೋಗಿ ಒಂದೊಂದೇ ಫ್ರೀಜರಿನ ಪ್ಲಗ್ಗು ಕಿತ್ತಳು. ಮೊದಲನೆಯದಕ್ಕೆ ಓಟ ಅಷ್ಟೇನೂ ತಗ್ಗಲಿಲ್ಲ. ಎರಡನೆಯದಕ್ಕೂ ಇಲ್ಲ. ಮೂರನೆಯದು, ಎಲ್ಲಕ್ಕಿಂತ ದೊಡ್ಡದು. ಅದನ್ನು ಕಿತ್ತೊಡನೆ ಅಂಕಿ ಹೆಚ್ಚುಕಡಿಮೆ ನಿಂತೇಬಿಟ್ಟಿತು.

ಆ ಫ್ರೀಜರು ಇದ್ದದ್ದು ಪಡುವಣ ತಗಡಿನ ಗೋಡೆಗೆ ಒತ್ತಿಕೊಂಡು. ನಾನು ತಗಡಿನ ಮೇಲೆ ಕೈಯಿಟ್ಟು ಸರಕ್ಕನೆ ಹಿಂತೆಗೆದೆ. ದೋಸೆ ಹೆಂಚಿನಂತೆ ಕಾದಿತ್ತು. ಪ್ಲಗ್ಗು ಕೀಳುವವರೆಗೂ ಒಳಗಿನ ಯಂತ್ರ ಬಿಡುವಿಲ್ಲದೆ ಏದುಸಿರು ಬಿಡುತ್ತಿತ್ತು.

ನೂರಿಸ್ ಗೋಡೆಯನ್ನು ನೋಡಿದಳು, ಮೂಲೆಯಲ್ಲಿ ಸುತ್ತಿಟ್ಟಿದ್ದ ಟಾರ್ಪಾಲನ್ನು ನೋಡಿದಳು, ಹಾಗೇ ಸ್ಟೂಲಿನ ಮೇಲೆ ಕುಸಿದಳು.

"ಅಯ್ಯೋ ದೇವರೇ. ಭಾನುವಾರ ಅವಳು ಬಂದದ್ದಲ್ಲ, ಟಾರ್ಪಾಲು ಇಳಿಬಿಡೋಕೆ ಅವಳು ಬರದೇ ಇದ್ದದ್ದೇ ಕಾರಣ."

ಆ ಸಂಜೆಯೇ ಇಬ್ಬರೂ ಒಮೈರಾಳ ಮನೆಗೆ ಹೋದೆವು. ಅವಳು ಅಂಗಳದಲ್ಲಿ ಹುಣಸೆ ಉಂಡೆ ಕಟ್ಟುತ್ತಿದ್ದಳು. ಶಾಲೆಯೊಂದರ ಬಾಗಿಲಲ್ಲಿ ಮಾರಲು ಶುರುಮಾಡಿದ್ದಳಂತೆ. ನೂರಿಸ್ ಅಳುತ್ತ ಎಲ್ಲ ಹೇಳಿದಳು. ಒಮೈರಾ ಕೈ ನಿಲ್ಲಿಸಲಿಲ್ಲ.

"ಫೋನು ಸುಳ್ಳು ಹೇಳಿರ್ಲಿಲ್ಲ ಬಿಡಿ ಅಕ್ಕ," ಎಂದಳು. "ನೀವು ಅದನ್ನ ಸರಿಯಾಗಿ ಕೇಳಲಿಲ್ಲ, ಅಷ್ಟೆ. ನನ್ನ ಮಾತನ್ನಂತೂ ಕೇಳಲೇ ಇಲ್ಲ."

ಆಗ ನಾನು ಕನ್ನಡಕದ ವಿಷಯ ಬಾಯಿಬಿಟ್ಟೆ. ಎರಡೇ ನಿಮಿಷ ಎಂದು ಗೊತ್ತಿದ್ದೂ ಹೇಳಲಿಲ್ಲ ಎಂದೆ. ನೂರಿಸ್ ನನ್ನತ್ತ ತಿರುಗಿದಳು. ಒಮೈರಾ ಮೊದಲ ಸಲ ಕೈ ನಿಲ್ಲಿಸಿದಳು.

ನೂರಿಸ್ ಫ್ರೀಜರನ್ನು ಒಳಗೋಡೆಯ ಕಡೆಗೆ ಸರಿಸಿದಳು, ತಗಡಿಗೆ ಸುಣ್ಣ ಬಳಿಸಿ ಹೊರಗೆ ಗಟ್ಟಿಯಾದ ಚಪ್ಪರ ಹಾಕಿಸಿದಳು. ಮಧ್ಯಾಹ್ನದ ಕಂಬಗಳು ಕುಗ್ಗಿದವು. ಒಮೈರಾ ಕೆಲಸಕ್ಕೆ ಮರಳಲಿಲ್ಲ. ಉಂಡೆಗಳನ್ನು ನೂರಿಸ್‌ಳ ಅಂಗಡಿಯಲ್ಲಿ ಮಾರಲು ಮಾತ್ರ ಒಪ್ಪಿದಳು, ತನ್ನದೇ ಬೆಲೆಗೆ. ಪ್ರತಿ ಗುರುವಾರ ಬುಟ್ಟಿ ಹೊತ್ತು ಬರುತ್ತಾಳೆ, ನೂರಿಸ್ ಜೊತೆ ಕೂತು ಕಾಫಿ ಕುಡಿದು ಹೋಗುತ್ತಾಳೆ. ನನ್ನ ಬಾಗಿಲು ದಾಟುವಾಗ ನಾನು ನಮಸ್ಕಾರ ಹೇಳುತ್ತೇನೆ. ಅವಳು ಇನ್ನೂ ಒಮ್ಮೆಯೂ ತಿರುಗಿ ಹೇಳಿಲ್ಲ.